ನೇಟಿವ್ ಆವೃತ್ತಿಯೋ, ಯೂನಿವರ್ಸಲ್ ಆವೃತ್ತಿಯೋ: ಮ್ಯಾಕ್ ಗಣಕಕ್ಕೆ ಯಾವ ತಂತ್ರಾಂಶ ಸೂಕ್ತ?

ಮ್ಯಾಕ್ ಗಣಕಕ್ಕೆ ತಂತ್ರಾಂಶವೊಂದನ್ನು ಅಂತರಜಾಲದಿಂದ ಇಳಿಸಿಕೊಳ್ಳಲು ಹೊರಟವರಿಗೆ ಒಂದೇ ತಂತ್ರಾಂಶದ ಎರಡು ಅಥವಾ ಮೂರು ಆವೃತ್ತಿಗಳು ಎದುರಾಗುವುದು ಅಪರೂಪವೇನಲ್ಲ. ಚಲನಚಿತ್ರ ಹಾಗೂ ಸಂಗೀತದ ಕಡತಗಳನ್ನು ತೆರೆಯುವ ವಿಎಲ್‌ಸಿ ಇದಕ್ಕೊಂದು ಉದಾಹರಣೆ. ಇಂಟೆಲ್, ಆಪಲ್ ಸಿಲಿಕಾನ್ ಮತ್ತು ಯೂನಿವರ್ಸಲ್ ಎಂಬ ಮೂರು ಹೆಸರುಗಳು ಅಲ್ಲಿ ಕಾಣಿಸುತ್ತವೆ. ತಂತ್ರಾಂಶ ರಚನೆಕಾರರು ಬಳಸುವ ವಿಷುಯಲ್ ಸ್ಟುಡಿಯೋ ಕೋಡ್‌ನಲ್ಲಿಯೂ ಇದೇ ಮೂರು ಆಯ್ಕೆಗಳಿವೆ. ಕಚೇರಿ ಕೆಲಸಗಳ ಲಿಬ್ರೆ ಆಫೀಸ್ ಇಂಟೆಲ್‌ಗೆ ಒಂದು, ಆಪಲ್ ಸಿಲಿಕಾನ್‌ಗೆ ಒಂದು ಎಂದು ಎರಡು ಪ್ರತ್ಯೇಕ ಆವೃತ್ತಿಗಳನ್ನು ನೀಡುತ್ತ ಬಂದಿದೆ. ಫೈರ್‌ಫಾಕ್ಸ್ ಮಾತ್ರ ಯಾವ ಪ್ರಶ್ನೆಯನ್ನೂ ಕೇಳದೆ ಎಲ್ಲರಿಗೂ ಒಂದೇ ಯೂನಿವರ್ಸಲ್ ಆವೃತ್ತಿಯನ್ನು ಕೊಡುತ್ತದೆ.

ಇವುಗಳಲ್ಲಿ ಯಾವುದನ್ನು ಆಯ್ದುಕೊಳ್ಳಬೇಕು? ಯೂನಿವರ್ಸಲ್ ಆವೃತ್ತಿ ಎಲ್ಲ ಯಂತ್ರಗಳಿಗೂ ಹೊಂದುವುದಾದರೆ ಅದರ ವೇಗ ಕಡಿಮೆಯೇ? ಕೈತಪ್ಪಿ ಬೇರೆ ಆವೃತ್ತಿಯನ್ನು ಇಳಿಸಿಕೊಂಡರೆ ಏನಾದೀತು? ಮೇಲ್ನೋಟಕ್ಕೆ ಇವು ಸಣ್ಣ ಪ್ರಶ್ನೆಗಳು. ಆದರೆ ಇಂಟೆಲ್ ತಂತ್ರಾಂಶಗಳನ್ನು ಹೊಸ ಮ್ಯಾಕ್‌ಗಳಲ್ಲಿ ನಡೆಸಿಕೊಡುತ್ತಿರುವ ವ್ಯವಸ್ಥೆಯನ್ನು ಹಂತಹಂತವಾಗಿ ಕೈಬಿಡುವುದಾಗಿ ಆಪಲ್ ಸಂಸ್ಥೆ 2025ರ ಜೂನ್‌ನಲ್ಲಿ ಪ್ರಕಟಿಸಿದ ಮೇಲೆ ಇವುಗಳ ತೂಕ ಹೆಚ್ಚಿದೆ. ಇಂದು ತಪ್ಪು ಆವೃತ್ತಿಯಿಂದ ಆಗುವ ನಷ್ಟ ತುಸು ವೇಗ ಮತ್ತು ತುಸು ಬ್ಯಾಟರಿ. ಮುಂದೆ ಅದೇ ತಂತ್ರಾಂಶ ತೆರೆಯದೆಯೇ ಹೋಗಬಹುದು.

ಎರಡು ಯಂತ್ರಭಾಷೆಗಳು

ಗಣಕದ ಮಿದುಳು ಎನ್ನಬಹುದಾದ ಪ್ರೊಸೆಸರ್‌ಗೆ ಅರ್ಥವಾಗುವುದು ಅದರದೇ ಆದ ಯಂತ್ರಭಾಷೆ ಮಾತ್ರ. ತಂತ್ರಾಂಶವನ್ನು ರಚಿಸುವವರು ಮನುಷ್ಯರು ಓದಬಹುದಾದ ಭಾಷೆಯಲ್ಲಿ ಬರೆದದ್ದನ್ನು ಕಂಪೈಲರ್ ಎಂಬ ಸಾಧನವು ಆ ಪ್ರೊಸೆಸರ್‌ನ ಆದೇಶಗಳಾಗಿ ಪರಿವರ್ತಿಸುತ್ತದೆ. ಒಂದು ಬಗೆಯ ಪ್ರೊಸೆಸರ್‌ಗಾಗಿ ಹೀಗೆ ಸಿದ್ಧಪಡಿಸಿದ ಆದೇಶಗಳು ಇನ್ನೊಂದು ಬಗೆಯ ಪ್ರೊಸೆಸರ್‌ಗೆ ಅರ್ಥವಾಗುವುದಿಲ್ಲ.

2006ರಿಂದ ಮ್ಯಾಕ್ ಗಣಕಗಳಲ್ಲಿ ಇಂಟೆಲ್ ಸಂಸ್ಥೆಯ ಪ್ರೊಸೆಸರ್‌ಗಳಿದ್ದವು. 2020ರ ಜೂನ್ 22ರಂದು ನಡೆದ ತನ್ನ ವಾರ್ಷಿಕ ಸಮಾವೇಶದಲ್ಲಿ ಆಪಲ್, ಮುಂದಿನ ಮ್ಯಾಕ್‌ಗಳಲ್ಲಿ ತಾನೇ ವಿನ್ಯಾಸಗೊಳಿಸಿದ ಚಿಪ್‌ಗಳನ್ನು ಬಳಸುವುದಾಗಿ ಘೋಷಿಸಿತು. ಅದೇ ವರ್ಷದ ನವೆಂಬರ್‌ನಲ್ಲಿ ಎಂ1 ಚಿಪ್ ಅಳವಡಿಸಿದ ಮ್ಯಾಕ್‌ಬುಕ್ ಏರ್, 13 ಅಂಗುಲದ ಮ್ಯಾಕ್‌ಬುಕ್ ಪ್ರೊ ಹಾಗೂ ಮ್ಯಾಕ್ ಮಿನಿ ಬಿಡುಗಡೆಯಾದವು. 2023ರ ಜೂನ್‌ನಲ್ಲಿ ಮ್ಯಾಕ್ ಪ್ರೊ ಸಹ ಆಪಲ್ ಚಿಪ್‌ಗೆ ಬದಲಾಗುವುದರೊಂದಿಗೆ ಈ ಪರಿವರ್ತನೆ ಪೂರ್ಣಗೊಂಡಿತು. ಆಪಲ್ ಸಿಲಿಕಾನ್ ಎಂಬುದು ಎಂ1 ಹಾಗೂ ಅದರ ನಂತರದ ಚಿಪ್‌ಗಳ ಸಾಮೂಹಿಕ ಹೆಸರು.

ಇಂಟೆಲ್ ಚಿಪ್‌ಗಳ ಯಂತ್ರಭಾಷೆ ಎಕ್ಸ್86 ಕುಟುಂಬಕ್ಕೆ ಸೇರಿದ್ದು. ಆಪಲ್ ಚಿಪ್‌ಗಳ ಯಂತ್ರಭಾಷೆ ಮೊಬೈಲ್ ಫೋನುಗಳಲ್ಲಿ ವ್ಯಾಪಕವಾಗಿ ಬಳಕೆಯಲ್ಲಿರುವ ಆರ್ಮ್ ಕುಟುಂಬದ್ದು. ಇವೆರಡರ ರಚನೆಯೇ ಬೇರೆ. ಎಕ್ಸ್86ರ ಒಂದು ಆದೇಶ 1 ಬೈಟ್‌ನಿಂದ 15 ಬೈಟ್‌ಗಳವರೆಗೆ ಯಾವ ಉದ್ದದಲ್ಲಾದರೂ ಇರಬಹುದು. ಆಪಲ್ ಚಿಪ್‌ಗಳು ಬಳಸುವ 64 ಬಿಟ್ ಆರ್ಮ್‌ನಲ್ಲಿ ಪ್ರತಿಯೊಂದು ಆದೇಶವೂ 4 ಬೈಟ್. ಹೀಗಾಗಿ ಒಂದಕ್ಕಾಗಿ ಸಿದ್ಧವಾದ ತಂತ್ರಾಂಶ ಇನ್ನೊಂದರ ಮೇಲೆ ನೇರವಾಗಿ ನಡೆಯಲು ಸಾಧ್ಯವಿಲ್ಲ.

ಮೂರು ಹೆಸರುಗಳ ಅರ್ಥ

ಯಂತ್ರದಲ್ಲಿರುವ ಪ್ರೊಸೆಸರ್‌ನ ಭಾಷೆಯಲ್ಲಿಯೇ ಸಿದ್ಧವಾಗಿರುವ ತಂತ್ರಾಂಶವನ್ನು ನೇಟಿವ್ ಎನ್ನುತ್ತಾರೆ. ಎಂ1 ಅಥವಾ ನಂತರದ ಚಿಪ್ ಇರುವ ಮ್ಯಾಕ್‌ಗೆ ಆಪಲ್ ಸಿಲಿಕಾನ್ ಆವೃತ್ತಿ ನೇಟಿವ್. ಹಳೆಯ ಇಂಟೆಲ್ ಮ್ಯಾಕ್‌ಗೆ ಇಂಟೆಲ್ ಆವೃತ್ತಿಯೇ ನೇಟಿವ್. ನೇಟಿವ್ ಎಂಬುದು ತಂತ್ರಾಂಶದ ಗುಣವಲ್ಲ, ತಂತ್ರಾಂಶಕ್ಕೂ ಯಂತ್ರಕ್ಕೂ ಇರುವ ಸಂಬಂಧ ಎಂಬುದನ್ನು ಗಮನಿಸಬೇಕು.

ಯೂನಿವರ್ಸಲ್ ಎಂದರೆ ಎರಡೂ ಭಾಷೆಗಳ ಆದೇಶಗಳನ್ನು ಒಂದೇ ಗಂಟಿನಲ್ಲಿ ಕಟ್ಟಿಟ್ಟಿರುವ ಆವೃತ್ತಿ. ಕನ್ನಡ ಮತ್ತು ಇಂಗ್ಲಿಷ್ ಎರಡರಲ್ಲಿಯೂ ಮುದ್ರಿತವಾದ ಅರ್ಜಿ ನಮೂನೆಯನ್ನು ಇದಕ್ಕೆ ಹೋಲಿಸಬಹುದು. ಕನ್ನಡ ಬಲ್ಲವರು ಕನ್ನಡದ ಭಾಗವನ್ನು ಓದುತ್ತಾರೆ, ಇಂಗ್ಲಿಷ್ ಬಲ್ಲವರು ಇಂಗ್ಲಿಷಿನ ಭಾಗವನ್ನು ಓದುತ್ತಾರೆ. ಇಬ್ಬರ ಓದಿನ ವೇಗವೂ ಇದರಿಂದ ಕುಂಠಿತವಾಗುವುದಿಲ್ಲ. ಹೆಚ್ಚಾಗುವುದು ಕಾಗದದ ಅಳತೆ ಮಾತ್ರ.

ಯೂನಿವರ್ಸಲ್ ತಂತ್ರಾಂಶವನ್ನು ತೆರೆದಾಗ ಮ್ಯಾಕ್‌ನ ಕಾರ್ಯಾಚರಣ ವ್ಯವಸ್ಥೆಯಾದ ಮ್ಯಾಕ್ ಓಎಸ್, ಕಡತದ ಆರಂಭದಲ್ಲಿರುವ ಪುಟ್ಟ ಸೂಚಿಯನ್ನು ನೋಡುತ್ತದೆ. ಯಾವ ಭಾಷೆಯ ಆದೇಶಗಳು ಕಡತದ ಯಾವ ಜಾಗದಿಂದ ಆರಂಭವಾಗುತ್ತವೆ ಎಂಬ ವಿವರ ಅದರಲ್ಲಿರುತ್ತದೆ. ತನ್ನ ಚಿಪ್‌ಗೆ ಹೊಂದುವ ಭಾಗವನ್ನಷ್ಟೇ ವ್ಯವಸ್ಥೆ ಮೆಮೊರಿಗೆ ತಂದುಕೊಳ್ಳುತ್ತದೆ. ಇನ್ನೊಂದು ಭಾಗ ಡಿಸ್ಕಿನಲ್ಲಿಯೇ ಉಳಿಯುತ್ತದೆ.

ಆದ್ದರಿಂದ ನೇಟಿವ್ ಮತ್ತು ಯೂನಿವರ್ಸಲ್ ಪರಸ್ಪರ ವಿರುದ್ಧವಾದ ಆಯ್ಕೆಗಳಲ್ಲ. ಯೂನಿವರ್ಸಲ್ ಗಂಟಿನೊಳಗೆ ನೇಟಿವ್ ಆವೃತ್ತಿಯೇ ಅಡಗಿದೆ. ಎರಡರ ವೇಗದಲ್ಲಿ, ಬ್ಯಾಟರಿ ಬಳಕೆಯಲ್ಲಿ ಅಥವಾ ಮೆಮೊರಿ ಬಳಕೆಯಲ್ಲಿ ಬಳಕೆದಾರರ ಅನುಭವಕ್ಕೆ ಬರುವಂತಹ ವ್ಯತ್ಯಾಸವಿಲ್ಲ. ಯೂನಿವರ್ಸಲ್ ಎಂದರೆ ಎಲ್ಲರಿಗೂ ಹೊಂದಲೆಂದು ಗುಣಮಟ್ಟ ತಗ್ಗಿಸಿದ ಸರಕು ಎಂಬ ಅಭಿಪ್ರಾಯಕ್ಕೆ ಆಧಾರವಿಲ್ಲ.

ಗಾತ್ರದ ಲೆಕ್ಕ

ಹಾಗಾದರೆ ಯೂನಿವರ್ಸಲ್ ಆವೃತ್ತಿಗೆ ತೆರಬೇಕಾದ ಬೆಲೆ ಯಾವುದು? ಡಿಸ್ಕಿನ ಜಾಗ ಮತ್ತು ಇಳಿಸಿಕೊಳ್ಳಲು ಬೇಕಾಗುವ ಡೇಟಾ. ಇದು ಸಹ ಅನೇಕರು ಭಾವಿಸಿರುವಂತೆ ಸರಿಯಾಗಿ ಎರಡು ಪಟ್ಟು ಆಗುವುದಿಲ್ಲ. ತಂತ್ರಾಂಶವೊಂದರಲ್ಲಿ ಆದೇಶಗಳಲ್ಲದೆ ಚಿತ್ರಗಳು, ಧ್ವನಿಗಳು, ಅಕ್ಷರಶೈಲಿಗಳು, ವಿವಿಧ ಭಾಷೆಗಳ ಪಠ್ಯಗಳು, ಮಾದರಿ ಕಡತಗಳು ಮೊದಲಾದವೂ ಇರುತ್ತವೆ. ಇವು ಎರಡೂ ಬಗೆಯ ಯಂತ್ರಗಳಿಗೆ ಸಮಾನ. ಎರಡೆರಡು ಪ್ರತಿ ಬೇಕಾಗುವುದು ಆದೇಶಗಳ ಭಾಗಕ್ಕೆ ಮಾತ್ರ.

ಒಂದು ತಂತ್ರಾಂಶದ ನೇಟಿವ್ ಆವೃತ್ತಿ 300 ಎಂಬಿ ಇದೆ ಎಂದುಕೊಳ್ಳೋಣ. ಅದರಲ್ಲಿ ಆದೇಶಗಳು 100 ಎಂಬಿ, ಉಳಿದ ಸಾಮಗ್ರಿ 200 ಎಂಬಿ. ಇದರ ಯೂನಿವರ್ಸಲ್ ಆವೃತ್ತಿ 600 ಎಂಬಿ ಆಗುವುದಿಲ್ಲ, ಸುಮಾರು 400 ಎಂಬಿ ಆಗುತ್ತದೆ. ಚಿತ್ರ ಮತ್ತು ಧ್ವನಿಗಳೇ ಅಧಿಕವಾಗಿರುವ ಆಟಗಳಲ್ಲಿ ಹೆಚ್ಚಳ ನಗಣ್ಯ. ಇದಕ್ಕೆ ವ್ಯತಿರಿಕ್ತವಾಗಿ, ಇಡೀ ಬ್ರೌಸರ್ ಎಂಜಿನ್ ಅನ್ನೇ ತಮ್ಮೊಳಗೆ ಇರಿಸಿಕೊಂಡಿರುವ ಎಲೆಕ್ಟ್ರಾನ್ ಮಾದರಿಯ ತಂತ್ರಾಂಶಗಳಲ್ಲಿ ಆದೇಶಗಳ ಪಾಲು ದೊಡ್ಡದು. ಅಂತಹವುಗಳ ಯೂನಿವರ್ಸಲ್ ಆವೃತ್ತಿ ಗಮನಾರ್ಹವಾಗಿ ಹಿಗ್ಗುತ್ತದೆ. ಮೇಲೆ ಹೇಳಿದ ವಿಷುಯಲ್ ಸ್ಟುಡಿಯೋ ಕೋಡ್ ಈ ವರ್ಗಕ್ಕೆ ಸೇರಿದ್ದು.

256 ಜಿಬಿ ಸಂಗ್ರಹವಿರುವ ಮ್ಯಾಕ್‌ಬುಕ್ ಏರ್ ಹೊಂದಿದವರು, ಮೊಬೈಲ್ ಫೋನಿನ ಡೇಟಾ ಬಳಸಿ ತಂತ್ರಾಂಶ ಇಳಿಸಿಕೊಳ್ಳುವವರು ಇಂತಹ ಕಡೆ ನೇಟಿವ್ ಆವೃತ್ತಿಯನ್ನೇ ಆಯ್ದುಕೊಳ್ಳುವುದು ಉಚಿತ. ಪ್ರತಿ ಪರಿಷ್ಕರಣೆಯ ವೇಳೆಯೂ ಆ ಉಳಿತಾಯ ಮರುಕಳಿಸುತ್ತದೆ. ಇಂತಹ ಒತ್ತಡವಿಲ್ಲದವರು ಯೂನಿವರ್ಸಲ್ ಆಯ್ದುಕೊಂಡರೂ ಕಳೆದುಕೊಳ್ಳುವುದು ಹೆಚ್ಚೇನಿಲ್ಲ.

ಯೂನಿವರ್ಸಲ್ ತಂತ್ರಾಂಶದಿಂದ ಬೇಡದ ಭಾಗವನ್ನು ಕತ್ತರಿಸಿ ಜಾಗ ಉಳಿಸುವುದಾಗಿ ಹೇಳಿಕೊಳ್ಳುವ ಸಾಧನಗಳೂ ಲಭ್ಯವಿವೆ. ಆಪಲ್ ತಂತ್ರಾಂಶ ರಚನೆಕಾರರಿಗೆ ನೀಡಿರುವ ಲಿಪೊ ಎಂಬ ಸಾಧನದಿಂದಲೂ ಇದು ಸಾಧ್ಯ. ಆದರೆ ತಂತ್ರಾಂಶಗಳಿಗೆ ತಯಾರಕರ ಅಂಕೀಯ ಸಹಿ ಇರುತ್ತದೆ. ಒಳಗಿನ ಕಡತಗಳನ್ನು ತಿದ್ದಿದರೆ ಆ ಸಹಿಯ ಪರಿಶೀಲನೆ ವಿಫಲವಾಗಿ ತಂತ್ರಾಂಶ ತೆರೆಯದೆ ಹೋಗುವ ಅಪಾಯವಿದೆ. ಮುಂದಿನ ಪರಿಷ್ಕರಣೆಯೊಂದಿಗೆ ಕತ್ತರಿಸಿದ ಭಾಗ ಮರಳಿ ಬರುವುದೂ ಉಂಟು. ಜಾಗ ಉಳಿಸುವುದೇ ಉದ್ದೇಶವಾದರೆ ತಯಾರಕರೇ ಕೊಡುವ ನೇಟಿವ್ ಆವೃತ್ತಿಯನ್ನು ತರಿಸಿಕೊಳ್ಳುವುದು ಲೇಸು.

ದುಭಾಷಿಯ ಪಾತ್ರ

ನಿಜವಾದ ವ್ಯತ್ಯಾಸ ಇರುವುದು ಮೂರನೆಯ ಹೆಸರಿನಲ್ಲಿ. ಆಪಲ್ ಸಿಲಿಕಾನ್ ಮ್ಯಾಕ್‌ನಲ್ಲಿ ಇಂಟೆಲ್ ಆವೃತ್ತಿಯನ್ನು ಅನುಸ್ಥಾಪಿಸಿದರೆ ಅದು ಸಾಮಾನ್ಯವಾಗಿ ತೆರೆಯುತ್ತದೆ, ಕೆಲಸವನ್ನೂ ಮಾಡುತ್ತದೆ. ಇದಕ್ಕೆ ಕಾರಣ ರೊಸೆಟಾ 2 ಎಂಬ ಅನುವಾದಕ ವ್ಯವಸ್ಥೆ. ಈಜಿಪ್ಟಿನಲ್ಲಿ 1799ರಲ್ಲಿ ದೊರೆತ, ಒಂದೇ ಶಾಸನವನ್ನು ಮೂರು ಲಿಪಿಗಳಲ್ಲಿ ಹೊತ್ತ ರೊಸೆಟಾ ಶಿಲೆಯ ಹೆಸರನ್ನು ಇದಕ್ಕೆ ಇಡಲಾಗಿದೆ.

ಇಂಟೆಲ್ ತಂತ್ರಾಂಶವೊಂದನ್ನು ಮೊದಲ ಬಾರಿಗೆ ತೆರೆಯುವಾಗ ರೊಸೆಟಾವನ್ನು ಅನುಸ್ಥಾಪಿಸಲು ಮ್ಯಾಕ್ ಅನುಮತಿ ಕೇಳುತ್ತದೆ. ಅನಂತರ ಇಂಟೆಲ್ ಆದೇಶಗಳನ್ನೆಲ್ಲ ಮುಂಚಿತವಾಗಿಯೇ ಆರ್ಮ್ ಆದೇಶಗಳಾಗಿ ಅನುವಾದಿಸಿ ಡಿಸ್ಕಿನಲ್ಲಿ ಇಟ್ಟುಕೊಳ್ಳುತ್ತದೆ. ಮೊದಲ ಸಲ ತೆರೆಯಲು ಹೆಚ್ಚು ಸಮಯ ಹಿಡಿಯುವುದು ಇದರಿಂದಾಗಿಯೇ. ಕೆಲಸದ ನಡುವೆ ಹೊಸದಾಗಿ ಹುಟ್ಟುವ ಆದೇಶಗಳನ್ನು ಮಾತ್ರ ಆಗಿಂದಾಗ್ಗೆ ಅನುವಾದಿಸಬೇಕಾಗುತ್ತದೆ. ಮೆಮೊರಿಗೆ ಮಾಹಿತಿ ಬರೆಯುವ ಕ್ರಮದಲ್ಲಿ ಇಂಟೆಲ್ ಚಿಪ್‌ಗಳು ಆರ್ಮ್‌ಗಿಂತ ಕಟ್ಟುನಿಟ್ಟಾದ ನಿಯಮವನ್ನು ಪಾಲಿಸುತ್ತವೆ. ಅದೇ ನಿಯಮವನ್ನು ಅನುಸರಿಸುವ ಸೌಲಭ್ಯವನ್ನು ಆಪಲ್ ತನ್ನ ಚಿಪ್‌ಗಳಲ್ಲಿಯೇ ಒದಗಿಸಿದ್ದರಿಂದ ಅನುವಾದಿತ ತಂತ್ರಾಂಶಗಳೂ ಸಾಕಷ್ಟು ವೇಗವಾಗಿ ನಡೆಯುತ್ತವೆ.

ಆದಾಗ್ಯೂ ದುಭಾಷಿಯ ಮೂಲಕ ಆಡುವ ಮಾತು ನೇರ ಮಾತಿಗೆ ಸಮವಲ್ಲ. ಅನುವಾದಿತ ತಂತ್ರಾಂಶ ಹೆಚ್ಚು ವಿದ್ಯುತ್ ಬಳಸುತ್ತದೆ. ಚಲನಚಿತ್ರ ಸಂಕಲನ, ದೊಡ್ಡ ಛಾಯಾಚಿತ್ರಗಳ ಪರಿಷ್ಕರಣೆ ಮುಂತಾದ ಭಾರದ ಕೆಲಸಗಳಲ್ಲಿ ವೇಗದ ಅಂತರ ಎದ್ದು ಕಾಣುತ್ತದೆ. ಕಾರ್ಯಾಚರಣ ವ್ಯವಸ್ಥೆಯ ಒಡಲಿಗೇ ಸೇರಿಕೊಳ್ಳುವ ಕರ್ನಲ್ ವಿಸ್ತರಣೆಗಳನ್ನೂ, ಇಂಟೆಲ್ ಗಣಕವೊಂದನ್ನೇ ಕಲ್ಪಿಸಿ ಅದರೊಳಗೆ ವಿಂಡೋಸ್ ನಡೆಸುವ ತಂತ್ರಾಂಶಗಳನ್ನೂ ರೊಸೆಟಾ ಅನುವಾದಿಸುವುದಿಲ್ಲ.

ಇದರ ವಿರುದ್ಧ ದಿಕ್ಕಿನಲ್ಲಿ ಇಂತಹ ದುಭಾಷಿ ಇಲ್ಲವೇ ಇಲ್ಲ. ಇಂಟೆಲ್ ಮ್ಯಾಕ್‌ನಲ್ಲಿ ಆಪಲ್ ಸಿಲಿಕಾನ್ ಆವೃತ್ತಿಯನ್ನು ಹಾಕಿದರೆ ಅದು ತೆರೆಯುವುದಿಲ್ಲ.

ಗೊತ್ತಿಲ್ಲದೆ ಉಳಿದುಬಿಡುವ ಇಂಟೆಲ್ ಆವೃತ್ತಿ

ರೊಸೆಟಾದ ದೊಡ್ಡ ಗುಣವೇ ಅದರ ದೊಡ್ಡ ತೊಡಕೂ ಹೌದು. ಅದು ಸದ್ದಿಲ್ಲದೆ ಕೆಲಸ ಮಾಡುತ್ತದೆ. ತಾವು ನಿತ್ಯ ಬಳಸುವ ತಂತ್ರಾಂಶ ಇಂಟೆಲ್ ಆವೃತ್ತಿಯೆಂಬುದು ಅನೇಕರ ಗಮನಕ್ಕೇ ಬರುವುದಿಲ್ಲ.

ಹಳೆಯ ಇಂಟೆಲ್ ಮ್ಯಾಕ್‌ನಿಂದ ಹೊಸ ಮ್ಯಾಕ್‌ಗೆ ಬದಲಾಯಿಸುವವರು ಮೈಗ್ರೇಶನ್ ಅಸಿಸ್ಟೆಂಟ್ ಎಂಬ ಸಾಧನವನ್ನು ಬಳಸುವುದು ವಾಡಿಕೆ. ಅದು ಕಡತಗಳ ಜೊತೆಗೆ ತಂತ್ರಾಂಶಗಳನ್ನೂ ಇದ್ದದ್ದು ಇದ್ದ ಹಾಗೆಯೇ ಹೊಸ ಯಂತ್ರಕ್ಕೆ ತರುತ್ತದೆ. ಯೂನಿವರ್ಸಲ್ ಆಗಿದ್ದವು ಹೊಸ ಯಂತ್ರದಲ್ಲಿ ತಾವಾಗಿಯೇ ನೇಟಿವ್ ಆಗಿ ನಡೆಯತೊಡಗುತ್ತವೆ. ಇಂಟೆಲ್‌ಗೆ ಮಾತ್ರ ಸೀಮಿತವಾಗಿದ್ದವು ರೊಸೆಟಾದ ಆಸರೆಯಲ್ಲಿ ಮುಂದುವರಿಯುತ್ತವೆ. ಕೆಲವು ತಂತ್ರಾಂಶಗಳ ಸ್ವಯಂ ಪರಿಷ್ಕರಣೆಯೂ ಇಂಟೆಲ್ ಆವೃತ್ತಿಯನ್ನೇ ಮತ್ತೆ ಮತ್ತೆ ತರಬಹುದು. ತಯಾರಕರು ವರ್ಷಗಳ ಹಿಂದೆಯೇ ಆಪಲ್ ಸಿಲಿಕಾನ್ ಆವೃತ್ತಿಯನ್ನು ಸಿದ್ಧಪಡಿಸಿದ್ದರೂ ಬಳಕೆದಾರರು ಹಳೆಯದರಲ್ಲಿಯೇ ಉಳಿಯುವುದು ಹೀಗೆ.

ಪತ್ತೆ ಹಚ್ಚುವ ವಿಧಾನ

ಮೊದಲು ತಿಳಿಯಬೇಕಾದುದು ತಮ್ಮ ಯಂತ್ರ ಯಾವುದು ಎಂಬುದನ್ನು. ಪರದೆಯ ಎಡತುದಿಯಲ್ಲಿರುವ ಆಪಲ್ ಗುರುತನ್ನು ಒತ್ತಿ 'ಅಬೌಟ್ ದಿಸ್ ಮ್ಯಾಕ್' ಎಂಬುದನ್ನು ಆಯ್ದುಕೊಳ್ಳಬೇಕು. 'ಚಿಪ್' ಎಂಬ ಸಾಲಿನಲ್ಲಿ ಎಂ1, ಎಂ2 ಮುಂತಾಗಿ ಇದ್ದರೆ ಅದು ಆಪಲ್ ಸಿಲಿಕಾನ್. 'ಪ್ರೊಸೆಸರ್' ಎಂಬ ಸಾಲಿನಲ್ಲಿ ಇಂಟೆಲ್ ಹೆಸರಿದ್ದರೆ ಅದು ಇಂಟೆಲ್ ಮ್ಯಾಕ್.

ಎರಡನೆಯದು ತಂತ್ರಾಂಶದ ಪರಿಶೀಲನೆ. ಅಪ್ಲಿಕೇಶನ್ಸ್ ಫೋಲ್ಡರಿನಲ್ಲಿ ತಂತ್ರಾಂಶದ ಹೆಸರನ್ನು ಆಯ್ದು, ಕಮಾಂಡ್ ಮತ್ತು ಐ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಮಾಹಿತಿಯ ಕಿಟಕಿ ತೆರೆಯುತ್ತದೆ. ಅಲ್ಲಿನ 'ಕೈಂಡ್' ಎಂಬ ಸಾಲಿನಲ್ಲಿ ಯೂನಿವರ್ಸಲ್, ಇಂಟೆಲ್ ಅಥವಾ ಆಪಲ್ ಸಿಲಿಕಾನ್ ಎಂಬ ಮೂರರಲ್ಲಿ ಒಂದನ್ನು ಕಾಣಬಹುದು.

ಪ್ರತಿಯೊಂದನ್ನೂ ಹೀಗೆ ನೋಡುವ ತಾಳ್ಮೆ ಇಲ್ಲದವರಿಗೆ ಇನ್ನೊಂದು ಮಾರ್ಗವಿದೆ. ಆಪ್ಶನ್ ಕೀಲಿಯನ್ನು ಒತ್ತಿ ಹಿಡಿದು ಆಪಲ್ ಗುರುತನ್ನು ಒತ್ತಿದರೆ 'ಸಿಸ್ಟಮ್ ಇನ್ಫರ್ಮೇಶನ್' ಎಂಬ ಸಾಲು ಕಾಣುತ್ತದೆ. ಅದರಲ್ಲಿ ಸಾಫ್ಟ್‌ವೇರ್ ವಿಭಾಗದ ಅಪ್ಲಿಕೇಶನ್ಸ್ ಎಂಬುದನ್ನು ಆಯ್ದರೆ ಯಂತ್ರದಲ್ಲಿರುವ ಎಲ್ಲ ತಂತ್ರಾಂಶಗಳ ಪಟ್ಟಿ ಮೂಡುತ್ತದೆ. 'ಕೈಂಡ್' ಎಂಬ ಅಂಕಣದ ತಲೆಯ ಮೇಲೆ ಒತ್ತಿದರೆ ಇಂಟೆಲ್ ಆವೃತ್ತಿಗಳೆಲ್ಲ ಒಂದೆಡೆ ಬಂದು ನಿಲ್ಲುತ್ತವೆ. ಹಳೆಯ ಸ್ಕ್ಯಾನರ್, ಮುದ್ರಕ ಮುಂತಾದವುಗಳ ಜೊತೆ ಬಂದ ಸಹಾಯಕ ತಂತ್ರಾಂಶಗಳು ಅಡಗಿರುವುದೂ ಈ ಪಟ್ಟಿಯಲ್ಲಿಯೇ.

ಈ ಕ್ಷಣದಲ್ಲಿ ಯಾವುದು ರೊಸೆಟಾದ ಮೂಲಕ ನಡೆಯುತ್ತಿದೆ ಎಂಬುದನ್ನು ತಿಳಿಯಲು ಆಕ್ಟಿವಿಟಿ ಮಾನಿಟರ್ ನೆರವಾಗುತ್ತದೆ. ಅದರ ಸಿಪಿಯು ವಿಭಾಗದ 'ಕೈಂಡ್' ಅಂಕಣದಲ್ಲಿ ಇಂಟೆಲ್ ಎಂದು ಕಾಣುವವೆಲ್ಲ ಅನುವಾದದ ಆಸರೆಯಲ್ಲಿರುವವು.

ಇಂಟೆಲ್ ಭಾಗವೇ ಬೇಕಾಗುವ ಸಂದರ್ಭ

ಆಪಲ್ ಸಿಲಿಕಾನ್ ಯಂತ್ರವಿದ್ದೂ ಇಂಟೆಲ್ ಆದೇಶಗಳೇ ಬೇಕಾಗುವ ಸಂದರ್ಭ ಒಂದಿದೆ. ಧ್ವನಿಮುದ್ರಣ, ಚಿತ್ರ ಸಂಕಲನ ಮೊದಲಾದ ತಂತ್ರಾಂಶಗಳಿಗೆ ಪ್ಲಗ್-ಇನ್ ಎಂಬ ಚಿಕ್ಕ ಪೂರಕಗಳನ್ನು ಜೋಡಿಸಿಕೊಳ್ಳುವುದುಂಟು. ಮುಖ್ಯ ತಂತ್ರಾಂಶದ ಒಡಲೊಳಗೇ ಸೇರಿ ನಡೆಯುವ ಪೂರಕಗಳು ಮುಖ್ಯ ತಂತ್ರಾಂಶದ ಯಂತ್ರಭಾಷೆಯಲ್ಲಿಯೇ ಇರಬೇಕು. ಒಂದೇ ಪ್ರಕ್ರಿಯೆಯೊಳಗೆ ಎರಡು ಭಾಷೆಗಳ ಬೆರಕೆಗೆ ಅವಕಾಶವಿಲ್ಲ. ಪೂರಕದ ತಯಾರಕರು ಇಂಟೆಲ್ ಆವೃತ್ತಿಯನ್ನಷ್ಟೇ ಕೊಟ್ಟು ಸುಮ್ಮನಾಗಿದ್ದರೆ ಮುಖ್ಯ ತಂತ್ರಾಂಶವನ್ನೂ ಇಂಟೆಲ್ ಭಾಷೆಯಲ್ಲಿಯೇ ನಡೆಸಬೇಕಾಗುತ್ತದೆ.

ಇಲ್ಲಿ ಯೂನಿವರ್ಸಲ್ ಆವೃತ್ತಿಯ ಇನ್ನೊಂದು ಪ್ರಯೋಜನ ಬೆಳಕಿಗೆ ಬರುತ್ತದೆ. ಮಾಹಿತಿಯ ಕಿಟಕಿಯಲ್ಲಿ 'ಓಪನ್ ಯೂಸಿಂಗ್ ರೊಸೆಟಾ' ಎಂಬ ಚೌಕದಲ್ಲಿ ಗುರುತು ಹಾಕಿದರೆ ಯೂನಿವರ್ಸಲ್ ತಂತ್ರಾಂಶ ತನ್ನ ಇಂಟೆಲ್ ಭಾಗವನ್ನು ಬಳಸಿ ತೆರೆಯುತ್ತದೆ. ಪೂರಕದ ಹೊಸ ಆವೃತ್ತಿ ಬಂದ ದಿನ ಆ ಗುರುತನ್ನು ತೆಗೆದರೆ ಸಾಕು. ಆಪಲ್ ಸಿಲಿಕಾನ್ ಆವೃತ್ತಿಯಲ್ಲಿ ಈ ಅವಕಾಶವಿರುವುದಿಲ್ಲ. ಸಂಗೀತ ಸ್ಟುಡಿಯೋಗಳಲ್ಲಿ ಕೆಲಸ ಮಾಡುವವರು ಇದನ್ನು ನೆನಪಿನಲ್ಲಿಡುವುದು ಒಳಿತು. ಎಂದೋ ಹಾಕಿದ ಗುರುತನ್ನು ತೆಗೆಯಲು ಮರೆತು, ಯೂನಿವರ್ಸಲ್ ತಂತ್ರಾಂಶವನ್ನು ವೃಥಾ ಅನುವಾದದಲ್ಲಿ ನಡೆಸುತ್ತಿರುವ ಸಾಧ್ಯತೆಯನ್ನೂ ಪರಿಶೀಲಿಸಿಕೊಳ್ಳಬೇಕು.

ಹಿಂದೆಯೂ ಹೀಗೆ ಆಗಿತ್ತು

ಮ್ಯಾಕ್ ತನ್ನ ಯಂತ್ರಭಾಷೆಯನ್ನು ಬದಲಾಯಿಸಿದ್ದು ಇದು ಮೊದಲ ಸಲವಲ್ಲ. 1994ರಲ್ಲಿ ಮೊಟೊರೊಲಾದ 68000 ಸರಣಿಯ ಪ್ರೊಸೆಸರ್‌ಗಳಿಂದ ಪವರ್‌ಪಿಸಿಗೆ ಹೊರಳಿದಾಗಲೂ ಎರಡು ಭಾಷೆಗಳ ಆದೇಶಗಳನ್ನು ಒಂದೇ ಕಡತದಲ್ಲಿ ಇಡುವ ಪದ್ಧತಿ ಇತ್ತು. ಅದನ್ನು ಆಗ ಫ್ಯಾಟ್ ಬೈನರಿ, ಅಂದರೆ ದಪ್ಪ ಕಡತ ಎಂದು ಕರೆಯುತ್ತಿದ್ದರು. 2005ರ ಜೂನ್‌ನಲ್ಲಿ ಸ್ಟೀವ್ ಜಾಬ್ಸ್ ಪವರ್‌ಪಿಸಿಯಿಂದ ಇಂಟೆಲ್‌ಗೆ ಬದಲಾಗುವುದನ್ನು ಘೋಷಿಸಿದಾಗ ಯೂನಿವರ್ಸಲ್ ಎಂಬ ಹೆಸರು ಹಾಗೂ ಮೊದಲ ರೊಸೆಟಾ ಬಂದವು. ಪವರ್‌ಪಿಸಿ ತಂತ್ರಾಂಶಗಳನ್ನು ಇಂಟೆಲ್ ಮ್ಯಾಕ್‌ಗಳಲ್ಲಿ ನಡೆಸುವುದು ಆ ರೊಸೆಟಾದ ಕೆಲಸವಾಗಿತ್ತು.

ಅದು ಶಾಶ್ವತವಾಗಿ ಉಳಿಯಲಿಲ್ಲ. 2011ರ ಜುಲೈನಲ್ಲಿ ಬಿಡುಗಡೆಯಾದ ಮ್ಯಾಕ್ ಓಎಸ್ ಲಯನ್ ಆವೃತ್ತಿಯಲ್ಲಿ ಮೊದಲ ರೊಸೆಟಾ ಇರಲಿಲ್ಲ. ಪವರ್‌ಪಿಸಿಗಾಗಿ ರಚಿತವಾಗಿದ್ದ ಮೈಕ್ರೋಸಾಫ್ಟ್ ಆಫೀಸ್ 2004, ಆಪಲ್‌ನದೇ ಆದ ಆಪಲ್‌ವರ್ಕ್ಸ್ ಮೊದಲಾದವು ಅಲ್ಲಿ ತೆರೆಯದಾದವು. ಮನೆಯ ಲೆಕ್ಕಪತ್ರಕ್ಕೆ ಅಮೆರಿಕದಲ್ಲಿ ಜನಪ್ರಿಯವಾಗಿದ್ದ ಕ್ವಿಕನ್ 2007ರ ಬಳಕೆದಾರರು ಲಯನ್‌ಗೆ ಹೊಂದುವ ಆವೃತ್ತಿಗಾಗಿ 2012ರ ಮಾರ್ಚ್‌ವರೆಗೆ ಕಾಯಬೇಕಾಯಿತು. 2019ರ ಅಕ್ಟೋಬರ್‌ನಲ್ಲಿ ಬಂದ ಕ್ಯಾಟಲಿನಾ ಆವೃತ್ತಿ 32 ಬಿಟ್ ತಂತ್ರಾಂಶಗಳನ್ನೆಲ್ಲ ಕೈಬಿಟ್ಟಾಗಲೂ ಇಂತಹುದೇ ಪರಿಸ್ಥಿತಿ ಉದ್ಭವಿಸಿತು.

ಈ ಬಾರಿಯ ಗಡುವು

2025ರ ಜೂನ್‌ನಲ್ಲಿ ಆಪಲ್ ಪ್ರಕಟಿಸಿದ ಪ್ರಕಾರ, ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಬಿಡುಗಡೆಯಾದ ಮ್ಯಾಕ್ ಓಎಸ್ 26 ತಾಹೋ ಇಂಟೆಲ್ ಮ್ಯಾಕ್‌ಗಳಿಗೆ ದೊರೆಯುವ ಕೊನೆಯ ಪ್ರಮುಖ ಆವೃತ್ತಿ. ರೊಸೆಟಾ ಪೂರ್ಣ ರೂಪದಲ್ಲಿ ಮ್ಯಾಕ್ ಓಎಸ್ 27ರವರೆಗೆ ಇರುತ್ತದೆ. ಅದರ ನಂತರ ಹಳೆಯ, ತಯಾರಕರು ಕೈಬಿಟ್ಟಿರುವ ಆಟಗಳಿಗಾಗಿ ಅದರ ಒಂದು ಭಾಗವನ್ನಷ್ಟೇ ಉಳಿಸಿಕೊಳ್ಳಲಾಗುವುದು.

ಇಂಟೆಲ್ ಮ್ಯಾಕ್‌ಗಳಲ್ಲಿಯೂ ತಾಹೋ ನಡೆಯುವುದು ನಾಲ್ಕು ಮಾದರಿಗಳಲ್ಲಿ ಮಾತ್ರ. 2019ರ 16 ಅಂಗುಲದ ಮ್ಯಾಕ್‌ಬುಕ್ ಪ್ರೊ, ನಾಲ್ಕು ಥಂಡರ್‌ಬೋಲ್ಟ್ ಕಿಂಡಿಗಳಿರುವ 2020ರ 13 ಅಂಗುಲದ ಮ್ಯಾಕ್‌ಬುಕ್ ಪ್ರೊ, 2020ರ 27 ಅಂಗುಲದ ಐಮ್ಯಾಕ್ ಮತ್ತು 2019ರ ಮ್ಯಾಕ್ ಪ್ರೊ ಇವೇ ಆ ನಾಲ್ಕು. 2018ರ ಇಂಟೆಲ್ ಮ್ಯಾಕ್ ಮಿನಿಯ ಮಾರಾಟ 2023ರ ಜನವರಿವರೆಗೂ ಮುಂದುವರಿದಿತ್ತು. ಆದರೂ ಅದಕ್ಕೆ ತಾಹೋ ಲಭ್ಯವಿಲ್ಲ.

ಇದರ ಪರಿಣಾಮ ಎರಡೂ ಬಗೆಯ ಬಳಕೆದಾರರ ಮೇಲೆ ಆಗುತ್ತದೆ. ಹೊಸ ಯಂತ್ರದವರಿಗೆ ಇಂಟೆಲ್‌ಗಷ್ಟೇ ಸೀಮಿತವಾದ ತಂತ್ರಾಂಶಗಳು ಕೈತಪ್ಪಲಿವೆ. ಹಳೆಯ ಯಂತ್ರದವರಿಗೆ, ತಯಾರಕರು ಇಂಟೆಲ್ ಭಾಗವನ್ನು ಸಿದ್ಧಪಡಿಸುವುದನ್ನೇ ನಿಲ್ಲಿಸತೊಡಗಿದಂತೆ ಹೊಸ ತಂತ್ರಾಂಶಗಳು ದುರ್ಲಭವಾಗಲಿವೆ. ಇಂದು ಯೂನಿವರ್ಸಲ್ ಆಗಿರುವ ತಂತ್ರಾಂಶ ಮುಂದಿನ ಆವೃತ್ತಿಯಲ್ಲಿ ಕೇವಲ ಆಪಲ್ ಸಿಲಿಕಾನ್ ಆಗಿ ಬರಬಹುದು. ಇಂಟೆಲ್ ಮ್ಯಾಕ್ ಹೊಂದಿರುವವರು ತಮಗೆ ಅಗತ್ಯವಾದ ತಂತ್ರಾಂಶಗಳ ಈಗಿನ ಯೂನಿವರ್ಸಲ್ ಅಥವಾ ಇಂಟೆಲ್ ಆವೃತ್ತಿಯ ಅನುಸ್ಥಾಪನಾ ಕಡತಗಳನ್ನು ಹೊರ ಡಿಸ್ಕಿನಲ್ಲಿ ಜೋಪಾನ ಮಾಡಿಕೊಳ್ಳುವುದು ವಿವೇಕದ ಕ್ರಮ.

ತಂತ್ರಾಂಶಕ್ಕಿಂತ ಕಡತ ಮುಖ್ಯ

ತಂತ್ರಾಂಶ ಹೋದರೆ ಇನ್ನೊಂದು ಸಿಗಬಹುದು. ಅದರಲ್ಲಿ ವರ್ಷಗಳ ಕಾಲ ಕೂಡಿಟ್ಟ ಲೆಕ್ಕ, ಪತ್ರ, ವಿನ್ಯಾಸಗಳು ತೆರೆಯದಾದರೆ ಅದು ನಿಜವಾದ ನಷ್ಟ. ಇಂಟೆಲ್ ಪಟ್ಟಿಯಲ್ಲಿರುವ ಪ್ರತಿಯೊಂದು ತಂತ್ರಾಂಶಕ್ಕೂ ಮೂರು ಪ್ರಶ್ನೆಗಳನ್ನು ಹಾಕಿಕೊಳ್ಳಬೇಕು. ಇದರ ಯೂನಿವರ್ಸಲ್ ಅಥವಾ ಆಪಲ್ ಸಿಲಿಕಾನ್ ಆವೃತ್ತಿ ಬಂದಿದೆಯೇ? ಬಂದಿಲ್ಲವಾದರೆ ಇದೇ ಕೆಲಸ ಮಾಡುವ ಬದಲಿ ತಂತ್ರಾಂಶ ಯಾವುದು? ಎರಡೂ ಇಲ್ಲವಾದರೆ ಇದರ ಕಡತಗಳನ್ನು ಪಿಡಿಎಫ್, ಸಾದಾ ಪಠ್ಯ, ಸಿಎಸ್‌ವಿ ಮುಂತಾದ ಸರ್ವಮಾನ್ಯ ರೂಪಗಳಿಗೆ ಈಗಲೇ ಪರಿವರ್ತಿಸಲು ಸಾಧ್ಯವೇ? ಆ ಪರಿವರ್ತನೆಗೆ ಮೂಲ ತಂತ್ರಾಂಶವೇ ಬೇಕು. ಅದು ತೆರೆಯುತ್ತಿರುವಾಗಲೇ ಈ ಕೆಲಸ ಮುಗಿಸಬೇಕು.

ಕನ್ನಡದ ಬಳಕೆದಾರರು ಇಲ್ಲಿ ಎರಡು ಸಂಗತಿಗಳನ್ನು ಗಮನಿಸಬೇಕು. ಅಕ್ಷರಶೈಲಿಗಳು ಆದೇಶಗಳಲ್ಲ, ದತ್ತಾಂಶ. ಅವುಗಳಲ್ಲಿ ಇಂಟೆಲ್, ಆಪಲ್ ಎಂಬ ಭೇದವಿಲ್ಲವಾದ್ದರಿಂದ ಯೂನಿಕೋಡ್ ಕನ್ನಡದ ಅಕ್ಷರಶೈಲಿಗಳು ಹೊಸ ಯಂತ್ರದಲ್ಲಿಯೂ ಹಾಗೆಯೇ ಬಳಕೆಯಾಗುತ್ತವೆ. ಎರಡನೆಯದಾಗಿ, ನುಡಿ, ಬರಹದಂತಹ ತಂತ್ರಾಂಶಗಳು ಮೂಲತಃ ವಿಂಡೋಸ್‌ಗಾಗಿ ರಚಿತವಾದವು. ಇಂಟೆಲ್ ಮ್ಯಾಕ್‌ನಲ್ಲಿ ಬೂಟ್ ಕ್ಯಾಂಪ್ ಸೌಲಭ್ಯದ ಮೂಲಕ ವಿಂಡೋಸ್ ಹಾಕಿಕೊಂಡು ಇಂತಹ ತಂತ್ರಾಂಶಗಳನ್ನು ನೆಚ್ಚಿಕೊಂಡವರಿಗೆ ಹೊಸ ಮ್ಯಾಕ್‌ನಲ್ಲಿ ಆ ಸೌಲಭ್ಯ ಇಲ್ಲ. ಯೂನಿಕೋಡ್‌ಗೆ ಮುಂಚಿನ ಸಂಕೇತದಲ್ಲಿ ಬೆರಳಚ್ಚು ಮಾಡಿದ ಕಡತಗಳಿದ್ದರೆ ಯಂತ್ರ ಬದಲಾಯಿಸುವ ಮೊದಲೇ ಯೂನಿಕೋಡ್‌ಗೆ ಪರಿವರ್ತಿಸಿಕೊಳ್ಳುವುದು ಉತ್ತಮ.

ವಿಂಡೋಸ್ ಬಳಕೆದಾರರಿಗೂ ಇದೇ ಪ್ರಶ್ನೆ

ಆರ್ಮ್ ಚಿಪ್ ಆಧಾರಿತ ವಿಂಡೋಸ್ ಲ್ಯಾಪ್‌ಟಾಪ್‌ಗಳು, ವಿಶೇಷವಾಗಿ 2024ರ ಜೂನ್‌ನಿಂದ ಬಂದಿರುವ ಸ್ನ್ಯಾಪ್‌ಡ್ರಾಗನ್ ಎಕ್ಸ್ ಸರಣಿಯವು, ಈ ಪ್ರಶ್ನೆಯನ್ನು ವಿಂಡೋಸ್ ಲೋಕಕ್ಕೂ ತಂದಿವೆ. ಅಲ್ಲಿ ರೊಸೆಟಾದ ಸ್ಥಾನದಲ್ಲಿರುವುದು ಪ್ರಿಸಂ ಎಂಬ ವ್ಯವಸ್ಥೆ. ಆದರೆ ಎರಡೂ ಭಾಷೆಗಳನ್ನು ಒಂದೇ ಗಂಟಿನಲ್ಲಿ ಕೊಡುವ ಪದ್ಧತಿ ವಿಂಡೋಸ್‌ನಲ್ಲಿ ಮ್ಯಾಕ್‌ನಷ್ಟು ಬೇರೂರಿಲ್ಲ. ಆರ್ಮ್64 ಎಂಬ ಹೆಸರಿನ ಪ್ರತ್ಯೇಕ ಆವೃತ್ತಿ ಇದ್ದರೆ ಅದನ್ನೇ ಆಯ್ದುಕೊಳ್ಳಬೇಕು. ಮುದ್ರಕ ಮೊದಲಾದವುಗಳ ಡ್ರೈವರ್‌ಗಳು ಕಡ್ಡಾಯವಾಗಿ ಆರ್ಮ್64 ಆವೃತ್ತಿಯವೇ ಆಗಿರಬೇಕು. ಪ್ರಿಸಂ ಡ್ರೈವರ್‌ಗಳನ್ನು ಅನುವಾದಿಸುವುದಿಲ್ಲ.

ಆಯ್ಕೆಯ ಸಾರಾಂಶ

ಆಪಲ್ ಸಿಲಿಕಾನ್ ಮ್ಯಾಕ್ ಒಂದೇ ಇದ್ದು, ಜಾಗ ಅಥವಾ ಡೇಟಾ ಉಳಿಸಬೇಕಾದವರು ಆಪಲ್ ಸಿಲಿಕಾನ್ ಆವೃತ್ತಿಯನ್ನು ಆಯ್ದುಕೊಳ್ಳಬಹುದು.

ಮನೆಯಲ್ಲಿ ಅಥವಾ ಕಚೇರಿಯಲ್ಲಿ ಎರಡೂ ಬಗೆಯ ಮ್ಯಾಕ್‌ಗಳಿದ್ದರೆ ಯೂನಿವರ್ಸಲ್ ಸೂಕ್ತ. ಒಮ್ಮೆ ಇಳಿಸಿಕೊಂಡ ಕಡತ ಎಲ್ಲ ಯಂತ್ರಗಳಿಗೂ ಸಲ್ಲುತ್ತದೆ.

ಇಂಟೆಲ್ ಪೂರಕಗಳನ್ನು ಅವಲಂಬಿಸಿದವರಿಗೆ, ತಮ್ಮ ಚಿಪ್ ಯಾವುದೆಂಬ ಬಗ್ಗೆ ಅನುಮಾನವಿರುವವರಿಗೆ ಕೂಡ ಯೂನಿವರ್ಸಲ್ ಆವೃತ್ತಿಯೇ ಸುರಕ್ಷಿತ.

ಇಂಟೆಲ್ ಮ್ಯಾಕ್ ಇರುವವರು ಯೂನಿವರ್ಸಲ್ ಅಥವಾ ಇಂಟೆಲ್ ಆವೃತ್ತಿಯನ್ನು ಮಾತ್ರ ಇಳಿಸಿಕೊಳ್ಳಬೇಕು.

ಆಪಲ್ ಸಿಲಿಕಾನ್ ಮ್ಯಾಕ್‌ನಲ್ಲಿ ಇಂಟೆಲ್‌ಗೆ ಮಾತ್ರ ಸೀಮಿತವಾದ ಆವೃತ್ತಿಯನ್ನು ಬೇರೆ ದಾರಿಯೇ ಇಲ್ಲದಿದ್ದಾಗ ಮಾತ್ರ ಬಳಸಬೇಕು. ಅದಕ್ಕೊಂದು ಬದಲಿಯನ್ನು ಹುಡುಕಿಕೊಳ್ಳಲು ಮ್ಯಾಕ್ ಓಎಸ್ 27ರವರೆಗೆ ಕಾಲಾವಕಾಶವಿದೆ. ಅದರ ನಂತರದ ಆವೃತ್ತಿಗೆ ಯಂತ್ರವನ್ನು ಪರಿಷ್ಕರಿಸುವ ಮೊದಲು ಸಿಸ್ಟಮ್ ಇನ್ಫರ್ಮೇಶನ್‌ನ ಪಟ್ಟಿಯನ್ನು ಇನ್ನೊಮ್ಮೆ ತೆರೆದು ನೋಡುವುದನ್ನು ಮಾತ್ರ ಮರೆಯಬಾರದು.